ನಲವತ್ತೆಂಟು ಸೊಟ್ಟ ಚೌಕಗಳು

ಈಗ ಹೇಳಹೊರಟಿರುವುದು ನಡೆದ ಕತೆ. ಹೇಳುವ ಬಾಯಿ ಸ್ವಲ್ಪ ಉದ್ದ ಎನ್ನುವುದು ನಿಜ, ಆದರೆ ಕತೆಯನ್ನು ಬೇಕಾದವರು ಅಳೆದು ನೋಡಬಹುದು. ಆ ಮನೆಯ ಸೋಫಾದ ಮೇಲೆ ಒಂದು ಹೊದಿಕೆ ಬಿದ್ದಿದೆ. ಎಣಿಸಿದರೆ ನಲವತ್ತೆಂಟು ಚೌಕ. ಅದರಲ್ಲಿ ಒಂದೇ ಒಂದು ನೆಟ್ಟಗಿರುವುದನ್ನು ತೋರಿಸಿದವರಿಗೆ ಹೊದಿಕೆಯನ್ನೇ ಮಡಿಚಿ ಕೊಟ್ಟುಬಿಡುತ್ತೇವೆ ಎಂದು ಮನೆಯವರು ಪಂಥ ಕಟ್ಟಿದ್ದಾರೆ. ಹೊದಿಕೆ ಇನ್ನೂ ಅಲ್ಲೇ ಇದೆ.

ಸೊಟ್ಟ ಚೌಕ ಬೇರೆಯವರ ಮನೆಯಲ್ಲಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಇದು ಸ್ಕೇಲಮ್ಮನ ಮನೆ. ಪರದೆ, ಸೋಫಾ ಕವರು ಹೊಲಿದು ಕೊಡುವ ಅಂಗಡಿಯಲ್ಲಿ ಮೂವತ್ತೊಂದು ವರ್ಷ ಬಟ್ಟೆ ಕತ್ತರಿಸಿದವರು. ಗೆರೆ ಹಾಕಿಕೊಳ್ಳದೆ ಎರಡು ಮೀಟರು ನೆಟ್ಟಗೆ ಕತ್ತರಿ ಓಡಿಸಬಲ್ಲವರು ಎಂದು ಜೊತೆಯವರು ಇಟ್ಟ ಹೆಸರು ಅದು. ಕುರ್ಚಿ ಸೀಟಿನ ಬಟ್ಟೆ ಮುಂದೆ ಅಗಲ, ಹಿಂದೆ ಕಿರಿದು. ಬೇರೆಯವರು ಅದನ್ನು ಸಾಲಾಗಿ ಇಟ್ಟು ಕತ್ತರಿಸಿದರೆ ಇವರು ಒಂದರ ತಲೆ ಇನ್ನೊಂದರ ಕಾಲ ಪಕ್ಕಕ್ಕೆ ಬರುವ ಹಾಗೆ ತಿರುಗಿಸಿಟ್ಟು ಅರ್ಧ ಮೀಟರು ಉಳಿಸುತ್ತಿದ್ದರು. ಉಳಿದ ತುಂಡನ್ನು ಅಂಗಡಿಯ ಯಜಮಾನಿ ಇವರ ಚೀಲಕ್ಕೇ ಹಾಕುತ್ತಿದ್ದಳು.

ಆ ತುಂಡುಗಳಿಗೂ, ಪರದೆಗೆ ಕುಚ್ಚು ಕಟ್ಟಿ ಉಳಿದ ಹತ್ತಿ ದಾರಕ್ಕೂ ಮನೆಯಲ್ಲಿ ಕೆಲಸ ಕಾದಿರುತ್ತಿತ್ತು. ಸ್ಟೂಲಿಗೆ ಕ್ರೋಶಾ ಟೋಪಿ, ಗ್ಯಾಸ್ ಸಿಲಿಂಡರಿಗೆ ಲಂಗ, ಟಿವಿ ರಿಮೋಟಿಗೆ ಅಂಗಿ, ಫ್ರಿಜ್ಜಿನ ಹಿಡಿಗೆ ಕಾಲುಚೀಲ, ಬಾಗಿಲಲ್ಲಿ ಹನ್ನೆರಡು ಬಣ್ಣದ ಕಾಲೊರಸು. ಒಲೆಯ ಪಕ್ಕದ ಮೊಳೆಯಲ್ಲಿ ಬಿಸಿ ಪಾತ್ರೆ ಇಳಿಸಲು ಒಂದು ದಪ್ಪ ಕೈಗವಸು, ಯಾರದೋ ಸೋಫಾದಿಂದ ಮಿಕ್ಕಿದ ನೀಲಿ ವೆಲ್ವೆಟ್ಟಿನದು. ಒಟ್ಟಿನಲ್ಲಿ ಆ ಮನೆಯಲ್ಲಿ ಬರಿಮೈಯಲ್ಲಿದ್ದ ವಸ್ತು ಯಾವುದೂ ಇರಲಿಲ್ಲ.

"ಇಲ್ಲಿ ನಾನು ಒಂದು ಗಂಟೆ ಅಲ್ಲಾಡದೆ ಕೂತರೆ ನನಗೂ ಒಂದು ಕವರ್ ಬೀಳುತ್ತೆ" ಎಂದು ಸ್ಕೇಲಮ್ಮನ ಗಂಡ, ಸೊಸೆಗೆ ಮಾವ, ಬಂದವರಿಗೆಲ್ಲ ಹೇಳುತ್ತಿದ್ದರು.

ಅತ್ತೆ ಸ್ಕೇಲಮ್ಮ ಕ್ರೋಶಾ ಕಡ್ಡಿಯಿಂದ ಕಣ್ಣು ತೆಗೆಯದೆ, "ಅಳತೆ ಆಗ್ಲೇ ತಗೊಂಡಿದೀನಿ ರೀ. ಹೊಟ್ಟೆ ಹತ್ರ ದಾರ ಸಾಲ್ತಿಲ್ಲ" ಎನ್ನುತ್ತಿದ್ದರು.

ಸೊಸೆಗೆ ಆ ಮನೆಯಲ್ಲಿ ಮೈನಾ ಎಂದು ಹೆಸರು. ಮದುವೆಯಾಗಿ ಬಂದ ಎರಡನೇ ವಾರ ಅವಳು ಹಜಾರದಲ್ಲಿ ಕೂತು ಕುಕ್ಕರ್ ಕೂಗಿದ ಹಾಗೆ ಸೀಟಿ ಹಾಕಿದಳು. ಮಾವ ಒಲೆ ಆರಿಸಲು ಅಡುಗೆಮನೆಗೆ ಓಡಿದರು. ಅಲ್ಲಿ ಒಲೆಯೂ ಉರಿಯುತ್ತಿರಲಿಲ್ಲ, ಕುಕ್ಕರೂ ಇರಲಿಲ್ಲ. ಅಂದೇ ಅತ್ತೆ ಆ ಅಣಕದ ಹಕ್ಕಿಯ ಹೆಸರಿಟ್ಟು ನಾಮಕರಣ ಮಾಡಿದರು. ಈಗ ಅವಳಿಗೆ ಫ್ಯಾನು, ಮಿಕ್ಸಿ ಮಾರುವ ಕಂಪನಿಯೊಂದರಲ್ಲಿ ಫೋನಿನಲ್ಲಿ ದೂರು ಕೇಳುವ ಕೆಲಸ. ಹತ್ತರಿಂದ ಐದರವರೆಗೆ ಜನರಿಂದ ಬೈಸಿಕೊಳ್ಳುವುದು, ಸಂಜೆ ಆ ಬೈಗುಳವನ್ನು ಅದದೇ ದನಿಯಲ್ಲಿ ಮನೆಯವರಿಗೆ ಬಡಿಸುವುದು. ಗಂಡ ಲಿಫ್ಟ್ ರಿಪೇರಿಯವನು. ಮನೆಯ ತಮಾಷೆಗೆ ಅವನು ಏರುವುದೂ ಇಲ್ಲ, ಇಳಿಯುವುದೂ ಇಲ್ಲ, ನಡುವೆ ಎಲ್ಲೋ ನಿಂತು ನಗುತ್ತಾನೆ.

ಕೆಲಸ ಸಿಕ್ಕಿದ್ದು ಡಿಗ್ರಿಯಿಂದ. ಡಿಗ್ರಿ ಸಿಕ್ಕಿದ್ದು ಅತ್ತೆಯಿಂದ. ಅರ್ಧಕ್ಕೆ ನಿಂತ ಓದನ್ನು ಹೊತ್ತುಕೊಂಡೇ ಅವಳು ಆ ಮನೆಗೆ ಬಂದಿದ್ದಳು. ಯಾರೂ ಕೇಳದಿದ್ದರೂ ಅತ್ತೆ ಒಂದು ದಿನ ಬೆಳಿಗ್ಗೆ ಐದಕ್ಕೆ ಊಟದ ಮೇಜಿನ ಒಂದು ಬದಿಯಲ್ಲಿ ಅವಳ ಪುಸ್ತಕ ಇಟ್ಟು, ಎದುರು ಬದಿಯಲ್ಲಿ ತಮ್ಮ ದಾರದುಂಡೆ ಇಟ್ಟುಕೊಂಡು ಕೂತರು. ಇವಳು ತೂಕಡಿಸಿದರೆ ಕ್ರೋಶಾ ಕಡ್ಡಿಯ ಮೊಂಡು ತುದಿಯಿಂದ ಮೊಣಕೈಗೆ ಒಂದು ಚುಚ್ಚು. ಮಾತಿಲ್ಲ. ಎರಡು ವರ್ಷ ಹೀಗೇ ನಡೆಯಿತು. ಪುಸ್ತಕಕ್ಕೆ ಪರದೆ ತುಂಡುಗಳ ಒಂದು ಚೀಲ ಹೊಲಿದುಕೊಟ್ಟರು. ಅದು ಸವೆಯುವ ಹೊತ್ತಿಗೆ ಫಲಿತಾಂಶ ಬಂತು. ಮೈನಾ ಏನೇನೋ ಹೇಳಬೇಕೆಂದು ಬಾಯಿ ತೆರೆದರೆ ಅತ್ತೆ, "ಸರಿ ಬಿಡು. ನಾಳೆಯಿಂದ ಆರರವರೆಗೆ ಮಲಕ್ಕೋಬಹುದು" ಎಂದು ಚಹಾ ಸೋಸಲು ಎದ್ದುಹೋದರು. ಯಾರ ದನಿಯಲ್ಲಿ ಬೇಕಾದರೂ ಮಾತಾಡಬಲ್ಲವಳಿಗೆ ಆ ಒಂದು ಮಾತನ್ನು ತನ್ನ ದನಿಯಲ್ಲಿ ಹೇಳಲು ಮತ್ತೆ ಅವಕಾಶವೇ ಸಿಕ್ಕಿರಲಿಲ್ಲ.

ಹೀಗಿರುವಾಗ, ಮೂವತ್ತೊಂದು ವರ್ಷ ಕೈಕೊಡದ ಕೈ, ನಿವೃತ್ತಿಯಾದ ಎಂಟನೇ ತಿಂಗಳಲ್ಲಿ ಕೈಕೊಟ್ಟಿತು. ಬಚ್ಚಲಲ್ಲಿ ಕಾಲು ಜಾರಿ ಅತ್ತೆ ಬಲಗೈ ಊರಿ ಬಿದ್ದರು, ಮಣಿಕಟ್ಟು ಮುರಿಯಿತು. ಪ್ಲಾಸ್ಟರ್ ಬಿಚ್ಚಿದಾಗ ಒಳಗಿಂದ ಬಂದ ಕೈ ಬೇರೆ ಯಾರದೋ ಎನ್ನುವಂತಿತ್ತು: ಸಣ್ಣದಾಗಿ, ಬಿಳುಚಿಕೊಂಡು, ಬೆರಳು ಮಡಿಸು ಎಂದರೆ ಯೋಚನೆ ಮಾಡುವ ಕೈ. ಫಿಸಿಯೋಥೆರಪಿ ಡಾಕ್ಟರಮ್ಮ ಗಿಡ್ಡ ಆಳು, ಗಟ್ಟಿ ಗಂಟಲು. "ನೋಡಿಮ್ಮಾ, ಮುಂದಿನ ಎರಡು ತಿಂಗಳು ಬೆರಳಿಗೆ ದಿನಾ ಕೆಲಸ ಕೊಡಬೇಕು. ಕೊಟ್ಟರೆ ಬರುತ್ತೆ. ಕೊಡದಿದ್ದರೆ ಹೀಗೇ ಬಿಗಿದುಕೊಂಡುಬಿಡುತ್ತೆ. ಕ್ರೋಶಾ ಬರುತ್ತಲ್ಲ? ಅದಕ್ಕಿಂತ ಒಳ್ಳೇ ವ್ಯಾಯಾಮ ನನ್ನ ಹತ್ರ ಇಲ್ಲ" ಎಂದಳು.

ಅತ್ತೆ ಕೂತರು. ದಿನಕ್ಕೊಂದು ಗೇಣಗಲದ ಚೌಕ. ನಡುವೆ ಒಂದು ಉಂಗುರ, ಅದರ ಸುತ್ತ ನೆಟ್ಟಗೆ ನಿಲ್ಲುವ ಹೆಣಿಕೆಯ ಮೂರು ಮೂರು ಕಂಬ, ನಾಲ್ಕು ಮೂಲೆ. ಕಲಿಯುವ ಮಕ್ಕಳೂ ಮೊದಲು ಹಾಕುವುದು ಅದನ್ನೇ. ಆದರೆ ಪ್ರತಿ ಸುತ್ತಿನಲ್ಲೂ ಮೊದಲಿನ ಎರಡು ಬದಿ ಬಿಗಿಯಾಗಿ ಬಂದರೆ, ಉಳಿದೆರಡಕ್ಕೆ ಹೊರಳುವಷ್ಟರಲ್ಲಿ ಕೈ ಸೋತು ದಾರ ಸಡಿಲವಾಗುತ್ತಿತ್ತು. ಚೌಕದ ಒಂದು ಮೂಲೆ ನಾಲಿಗೆ ಚಾಚಿದ ಹಾಗೆ ಆಚೆ ಬರುತ್ತಿತ್ತು. ಹನ್ನೊಂದು ದಿನ, ಹನ್ನೊಂದು ನಾಲಿಗೆ.

"ಚೆನ್ನಾಗೇ ಇದೆಯಲ್ಲ ಅತ್ತೆ" ಎಂದಳು ಮೈನಾ ಹನ್ನೊಂದನೆಯ ದಿನ.

ಅತ್ತೆ ಅವಳನ್ನು ನೋಡಿದ ನೋಟದಲ್ಲಿ ಎರಡು ಮೀಟರು ಬಟ್ಟೆ ಗೆರೆಯಿಲ್ಲದೆ ತುಂಡಾಗುತ್ತಿತ್ತು. ಆಮೇಲೆ ಅವರು ಹನ್ನೊಂದನ್ನೂ ಒಟ್ಟು ಮಾಡಿ ಚಿಂದಿ ಚೀಲದ ತಳಕ್ಕೆ ತುರುಕಿದರು, ಕಡ್ಡಿಯನ್ನು ಗುಂಡಿ ಡಬ್ಬಿಯೊಳಗೆ ಹಾಕಿ ಮುಚ್ಚಳ ಅಮುಕಿದರು. "ಡಬ್ಬಿ, ಚೀಲ ಎರಡನ್ನೂ ಅಂಗಡಿಗೆ ಕೊಟ್ಟುಬಿಡು. ಕೈ ನೆಟ್ಟಗಿರೋರು ಯಾರಾದ್ರೂ ಮಾಡಲಿ."

ಮೈನಾಳನ್ನು ಹೆದರಿಸಿದ್ದು ಆ ಮಾತಲ್ಲ. ತಪ್ಪಾದ ಕೆಲಸಕ್ಕೆ ಆ ಮನೆಯಲ್ಲಿ ಒಂದೇ ತೀರ್ಪಿತ್ತು: "ಬಿಚ್ಚು." ಅವಳು ಹಾಕಿದ ಮೊದಲ ಕಾಲೊರಸನ್ನು ಅತ್ತೆ ಒಂಬತ್ತು ಸಲ ಬಿಚ್ಚಿಸಿದ್ದರು. ಬಿಚ್ಚು ಎಂದರೆ ಮತ್ತೆ ಹಾಕು ಎಂದರ್ಥ. ಆ ಹನ್ನೊಂದನ್ನು ಮಾತ್ರ ಅತ್ತೆ ಬಿಚ್ಚಿರಲಿಲ್ಲ.

ಅವಳು ಎರಡನ್ನೂ ಅಂಗಡಿಗೆ ಕೊಡಲಿಲ್ಲ. ಚೀಲವನ್ನು ಇದ್ದಲ್ಲೇ ಬಿಟ್ಟು, ಡಬ್ಬಿಯನ್ನು ತನ್ನ ಬಟ್ಟೆಗಳ ಕೆಳಗೆ ಬಚ್ಚಿಟ್ಟಳು. ಹೊಗಳಿಕೆ ನಡೆಯುವುದಿಲ್ಲ ಎನ್ನುವುದು ಗೊತ್ತಾಗಿತ್ತು. ಬೇಡಿಕೊಂಡರೂ ನಡೆಯುವುದಿಲ್ಲ. ಆದರೆ ಅತ್ತೆಗೆ ಒಂದು ದೌರ್ಬಲ್ಯವಿತ್ತು: ಕಣ್ಣೆದುರು ಯಾರಾದರೂ ತಪ್ಪು ಹಾಕುತ್ತಿದ್ದರೆ ಅವರಿಂದ ಸುಮ್ಮನಿರಲು ಆಗುತ್ತಿರಲಿಲ್ಲ. ಸಾಮಾನ್ಯ ತಪ್ಪಾದರೆ ಕೂತಲ್ಲಿಂದಲೇ ಬಿಚ್ಚಿಸುತ್ತಾರೆ. ಆದರೆ ಅವರದೇ ತಪ್ಪು, ಅವರಿಗೇ ಕಾರಣ ಗೊತ್ತಿಲ್ಲದ ತಪ್ಪು, ಸೊಸೆಯ ಕೈಯಲ್ಲಿ ಬಂದರೆ? ಅದು ಏಕೆ ವಾಲುತ್ತದೆ ಎಂದು ನೋಡಲು ಅವರು ಕಡ್ಡಿ ಹಿಡಿಯಲೇಬೇಕು. ಇಷ್ಟು ದಿನ ಜನರ ದನಿಯನ್ನು ಅಣಕಿಸಿದ್ದಾಯಿತು, ಈಗ ಅತ್ತೆಯ ಕೈಯನ್ನೇ ಅಣಕಿಸುವುದು ಎಂದು ಮೈನಾ ತೀರ್ಮಾನಿಸಿದಳು.

ಅಣಕಿಸುವುದು ಅಂದುಕೊಂಡಷ್ಟು ಸುಲಭವಾಗಿರಲಿಲ್ಲ. ಕಚೇರಿಯ ಊಟದ ಬಿಡುವಿನಲ್ಲಿ ಕೂತು ಹಾಕಿದರೆ ಅವಳ ಸೊಟ್ಟ ಬೇರೆ, ಅತ್ತೆಯ ಸೊಟ್ಟ ಬೇರೆ. ಬೇಕೆಂದೇ ಸಡಿಲ ಬಿಟ್ಟರೆ ನಾಟಕ ಕಾಣುತ್ತಿತ್ತು. ಮೂರು ಚೌಕ ಹಾಳಾದ ಮೇಲೆ ಅವಳಿಗೆ ಒಲೆಯ ಪಕ್ಕದ ಕೈಗವಸು ನೆನಪಾಯಿತು. ಮರುದಿನ ಅದನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ, ಬಲಗೈಗೆ ತೊಟ್ಟು, ಅದರ ದಪ್ಪ ಬೆರಳಲ್ಲಿ ಕಡ್ಡಿ ಹಿಡಿದಳು.

"ಏನಮ್ಮಾ, ಅಷ್ಟೊಂದು ಚಳಿನಾ?" ಎಂದ ಪಕ್ಕದ ಮೇಜಿನವನು.

"ಇಲ್ಲ. ಬಿಸಿ ಬಿಸಿ ದೂರು ಬರ್ತಾ ಇದೆ, ಕೈ ಸುಡಬಾರದಲ್ಲ" ಎಂದಳು.

ಮೊದಲ ಬದಿ ಹೇಗೋ ಆಯಿತು. ಎರಡನೆಯದಕ್ಕೆ ಹೆಬ್ಬೆರಳ ಬುಡ ಉರಿಯಿತು. ಮೂರನೆಯದಕ್ಕೆ ಹೊರಳುವಾಗ ಕಡ್ಡಿ ಮೂರು ಸಲ ಜಾರಿ ಬಿತ್ತು, ದಾರ ತಾನಾಗಿ ಸಡಿಲವಾಯಿತು, ನಾಲ್ಕನೆಯದರ ಕೊನೆಯಲ್ಲಿ ಮೊಣಕೈವರೆಗೂ ನೋವು. ಗವಸು ತೆಗೆದು ನೋಡಿದರೆ ಚೌಕ ನಾಲಿಗೆ ಚಾಚಿತ್ತು, ಥೇಟ್ ಅತ್ತೆಯದೇ. ಗೆದ್ದೆ ಎಂದು ನಗಬೇಕಿತ್ತು. ಅವಳು ಊಟದ ಡಬ್ಬಿ ತೆರೆಯದೆ ಆ ಚೌಕವನ್ನೇ ನೋಡುತ್ತಾ ಕೂತಳು. ಅವಳದು ಬಟ್ಟೆಯ ಗವಸು, ತೆಗೆದರೆ ಮುಗಿಯಿತು. ಅತ್ತೆ ತೆಗೆಯಲಾಗದ ಗವಸಿನಲ್ಲಿ ಹನ್ನೊಂದು ದಿನ, ಯಾರಿಗೂ ನೋವು ಎನ್ನದೆ ಹಾಕಿದ್ದರು. ಅದಕ್ಕೆ ತಾನು "ಚೆನ್ನಾಗೇ ಇದೆಯಲ್ಲ" ಎಂದಿದ್ದಳು.

ಮರುದಿನ ಬೆಳಿಗ್ಗೆ ಐದೂವರೆಗೆ ಅವಳೇ ಊಟದ ಮೇಜಿಗೆ ದಾರದುಂಡೆ ತಂದಿಟ್ಟಳು. ಅತ್ತೆ ಚಹಾ ಹಿಡಿದು ಬಂದು ಎದುರಿಗೆ ಕೂತರು. ಮೈನಾ ಮುಖ ಸಣ್ಣದು ಮಾಡಿ ಚೌಕ ಮುಂದಕ್ಕೆ ತಳ್ಳಿದಳು.

"ಅತ್ತೆ, ನೋಡಿ ಅತ್ತೆ, ಇದ್ಯಾಕೋ ವಾಲ್ತಾ ಇದೆ."

ಅತ್ತೆ ಚೌಕವನ್ನು ನೋಡಿದರು. ಅವಳನ್ನು ನೋಡಿದರು. ಮತ್ತೆ ಚೌಕ ನೋಡಿದರು. "ಬಿಚ್ಚು" ಎಂದರು.

"ಮೂರು ಸಲ ಬಿಚ್ಚಿದೆ. ಹಾಗೇ ಬರುತ್ತೆ. ನನ್ನ ಕೈಯಲ್ಲೇ ಏನೋ ದೋಷ ಇರಬೇಕು."

"ನಿನ್ನ ಬಾಯಲ್ಲಿ ದೋಷ ಇದೆ, ಕೈಯಲ್ಲಿಲ್ಲ." ಅತ್ತೆ ಚಹಾ ಪಕ್ಕಕ್ಕಿಟ್ಟರು. ಸ್ವಲ್ಪ ಹೊತ್ತು ಮೇಜನ್ನು ಬೆರಳಿಂದ ಕುಟ್ಟಿದರು. "ದಾರ ಎಲ್ಲಿ ಹಿಡೀತಿದೀಯ? ಇಲ್ಲಿ ಕೊಡು. ಅಯ್ಯೋ, ಕೊಡೇ ಇಲ್ಲಿ."

ಮೈನಾ ತಯಾರಾಗಿ ಇಟ್ಟುಕೊಂಡಿದ್ದ ಕಡ್ಡಿಯನ್ನು, ತನ್ನದಲ್ಲ, ಗುಂಡಿ ಡಬ್ಬಿಯ ಹಳೆಯ ಕಡ್ಡಿಯನ್ನು, ಕೈಗಿಟ್ಟಳು. ಅದು ಅಂಗಡಿಗೆ ಹೋಗಿಲ್ಲವೇ ಎಂದು ಅತ್ತೆ ಕೇಳಲಿಲ್ಲ. ಎರಡು ಕಂಬ ಹಾಕಿ ತೋರಿಸಿದರು. ಮರುದಿನ ಒಂದು ಬದಿ. ನಾಲ್ಕನೆಯ ದಿನ, "ನೀನು ಅದು ಹಾಕು, ನಾನು ಇದು ಹಾಕ್ತೀನಿ, ಎಲ್ಲಿ ವ್ಯತ್ಯಾಸ ಆಗುತ್ತೆ ನೋಡೋಣ" ಎಂದು ತಾವೇ ಒಂದು ಹೊಸ ಚೌಕ ಶುರುಮಾಡಿದರು.

ಮಾವನಿಗೆ ಮೈನಾ ಗುಟ್ಟು ಹೇಳಿದ್ದಳು, ಹೇಳದೆ ವಿಧಿಯಿರಲಿಲ್ಲ. ಕೈಗವಸು ಮೊಳೆಯಲ್ಲಿ ಇಲ್ಲದೆ ಅವರು ಹಾಲಿನ ಪಾತ್ರೆಗೆ ಬೆರಳು ಸುಟ್ಟುಕೊಂಡಿದ್ದರು.

"ನಿಮ್ಮ ಅತ್ತೆ ಕೇಳಿದರೆ ಏನಂತ ಹೇಳಲಿ?"

"ಒಗೆಯೋಕೆ ಹಾಕಿದೆ ಅನ್ನಿ ಮಾವ."

"ದಿನಾನೂ?"

"ತುಂಬಾ ಕೊಳೆಯಾಗಿದೆ ಅನ್ನಿ."

ಹೀಗೆ ವಾರಗಳು ಉರುಳಿದವು. ಮಧ್ಯಾಹ್ನ ಗವಸು ತೊಟ್ಟು ಒಂದು ಸೊಟ್ಟ, ಬೆಳಿಗ್ಗೆ ಮುಖ ಸಣ್ಣದು ಮಾಡಿ ಅದೇ ಮಾತು. ಎರಡು ದಿನಕ್ಕೊಮ್ಮೆಯಾದರೂ "ಅತ್ತೆ, ನೋಡಿ ಅತ್ತೆ." ನೋಡಿ ಮುಗಿದ ಚೌಕಗಳೆಲ್ಲ ಅತ್ತೆಯ ಚಿಂದಿ ಚೀಲ ಸೇರುತ್ತಿದ್ದವು. ಅತ್ತೆ ಬೈಯುತ್ತಿದ್ದರು, ಹಾಕುತ್ತಿದ್ದರು, ಹಾಕುತ್ತಾ ಹಳೆಯ ಅಂಗಡಿಯ ಸುದ್ದಿ ಹೇಳುತ್ತಿದ್ದರು: ಒಂದೇ ಪರದೆಯನ್ನು ಏಳು ಸಲ ವಾಪಸ್ ತಂದ ಗಿರಾಕಿ, ಸೋಫಾದೊಳಗೆ ಸಿಕ್ಕ ಹಲ್ಲಿನ ಸೆಟ್ಟು. ಹಲ್ಲಿಲ್ಲದ ಗಿರಾಕಿಯ ದನಿಯನ್ನು ಮೈನಾ ಅಲ್ಲೇ ಮಾಡಿ ತೋರಿಸಿದರೆ ಅತ್ತೆಯ ಭುಜ ಕುಲುಕುತ್ತಿತ್ತು. ಗಟ್ಟಿಯಾಗಿ ನಗುವವರಲ್ಲ ಅವರು.

ಚಿಂತೆ ಶುರುವಾದದ್ದು ಐದನೆಯ ವಾರ. ಅತ್ತೆಯ ಚೌಕಗಳೂ ಇನ್ನೂ ವಾಲುತ್ತಲೇ ಇದ್ದವು. ಮೊದಲ ದಿನ ಹೇಗೋ ಹಾಗೇ, ಒಂದು ಕಂಬದಷ್ಟೂ ಸುಧಾರಣೆ ಇಲ್ಲ. ಡಾಕ್ಟರಮ್ಮ ಹೇಳಿದ ಎರಡು ತಿಂಗಳಲ್ಲಿ ಉಳಿದದ್ದು ಕೆಲವೇ ದಿನ. ಮೈನಾ ಫೋನಿನಲ್ಲಿ ಯಾರದೋ ಕೆಟ್ಟ ಮಿಕ್ಸಿಯ ದೂರು ಬರೆದುಕೊಳ್ಳುತ್ತಾ ಮಿಕ್ಸಿಯ ಜಾಗದಲ್ಲಿ ಮಣಿಕಟ್ಟು ಎಂದು ಬರೆದಳು. ತನ್ನ ಆಟದಿಂದಲೇ ಕೈ ಕೆಟ್ಟ ಅಭ್ಯಾಸ ಕಲಿತುಬಿಟ್ಟಿತೇ? ಸೊಟ್ಟವನ್ನೇ ದಿನಾ ಕಣ್ಣೆದುರು ಇಟ್ಟು ಸೊಟ್ಟವನ್ನೇ ಕಲಿಸಿದೆನೇ?

ಡಾಕ್ಟರಮ್ಮನ ಬಳಿ ಹೋಗುವ ದಿನ ಅವಳು ರಜೆ ಹಾಕಿ ಜೊತೆಗೆ ಹೋದಳು. ದಾರಿಯುದ್ದಕ್ಕೂ ಒಂದು ದನಿಯನ್ನೂ ಮಾಡಲಿಲ್ಲ. ಡಾಕ್ಟರಮ್ಮ ಅತ್ತೆಯ ಕೈಗೆ ಹಿಡಿತ ಅಳೆಯುವ ಯಂತ್ರ ಕೊಟ್ಟು ಅಮುಕಿಸಿದಳು, ಮುಳ್ಳು ನೋಡಿದಳು, ಚೀಟಿಯಲ್ಲಿ ಬರೆದಳು.

"ಡಾಕ್ಟ್ರೇ, ಇದ್ದದ್ದು ಇದ್ದ ಹಾಗೆ ಹೇಳಿಬಿಡಿ" ಎಂದಳು ಮೈನಾ. ಈ ಸಲ ಅದು ಯಾರ ಅಣಕವೂ ಅಲ್ಲ.

"ಹೇಳೋದೇನಿದೆ? ಎರಡು ವಾರದ ಹಿಂದೇನೇ ಈ ಕೈ ಸರಿಹೋಗಿದೆ ಅಂತ ಹೇಳಿ ಕಳಿಸಿದ್ದೆನಲ್ಲ. ಎಡಗೈಗಿಂತ ಬಲಗೈಯೇ ಗಟ್ಟಿ. ನಿಮ್ಮ ಮಾವನೂ ಪಕ್ಕದಲ್ಲೇ ಕೂತಿದ್ದರು. ಮನೇಲಿ ಹೇಳಲಿಲ್ವಾ?"

ಮೈನಾ ಅತ್ತೆಯ ಕಡೆ ತಿರುಗಿದಳು. ಅತ್ತೆ ತಲೆ ಎತ್ತಿ ಮೇಲಿನ ಫ್ಯಾನಿನ ರೆಕ್ಕೆಗಳನ್ನು ಎಣಿಸುತ್ತಿದ್ದರು.

"ಅತ್ತೆ."

"ಈ ಫ್ಯಾನು ನಿಮ್ಮ ಕಂಪನೀದಾ? ಸದ್ದು ಮಾಡ್ತಿದೆ."

ಮನೆ ಸೇರುವವರೆಗೂ ಅತ್ತೆ ಆ ಫ್ಯಾನಿನ ಸುದ್ದಿಯನ್ನೇ ಮಾತಾಡಿದರು. ಬಾಗಿಲು ತೆರೆದ ಮಾವ ಇಬ್ಬರ ಮುಖವನ್ನೂ ನೋಡಿ, "ಗೊತ್ತಾಯ್ತಾ? ಸದ್ಯ. ಇವಳ ಗುಟ್ಟು ಅವಳಿಗೆ ಹೇಳಬಾರದು, ಅವಳ ಗುಟ್ಟು ಇವಳಿಗೆ ಹೇಳಬಾರದು. ನನ್ನ ಬಾಯಿಗೆ ಎರಡು ಕಡೆಯಿಂದ ಹೊಲಿಗೆ ಹಾಕಿದ್ರು" ಎಂದು ಸೋಫಾದಲ್ಲಿ ಕುಸಿದರು.

"ಯಾವಾಗ ಗೊತ್ತಾಯ್ತು ಅತ್ತೆ ನಿಮಗೆ?"

"ಮೊದಲನೇ ದಿನಾನೇ." ಅತ್ತೆ ಮೈನಾಳ ಚೀಲದಿಂದ ನಿನ್ನೆಯ ಕೆನೆಬಣ್ಣದ ಚೌಕ ತೆಗೆದು ಕಿಟಕಿಯ ಬೆಳಕಿಗೆ ಹಿಡಿದರು. ಕಂಬಗಳ ಸಂದಿಯಲ್ಲೆಲ್ಲ ಸಣ್ಣ ನೀಲಿ ನವಿರು ಸಿಕ್ಕಿಕೊಂಡಿತ್ತು. "ವೆಲ್ವೆಟ್ಟು ಉದುರುತ್ತೆ ಕಣೇ. ಆ ಸೋಫಾ ಬಟ್ಟೆ ಕತ್ತರಿಸಿ ಒಂದು ವಾರ ನನ್ನ ಹುಬ್ಬೆಲ್ಲ ನೀಲಿಯಾಗಿತ್ತು, ನಂಗೆ ಗೊತ್ತಾಗಲ್ವಾ? ನೀನು ತಂದ ಚೌಕಕ್ಕೆಲ್ಲ ನೀಲಿ ಮೀಸೆ. ಇತ್ತ ನೋಡಿದರೆ ಮೊಳೇಲಿ ಗವಸಿಲ್ಲ, ಇವರ ಬೆರಳಿಗೆ ಬೊಬ್ಬೆ. ಗವಸು ಹಾಕ್ಕೊಂಡು ಹಾಕ್ತಿದಾಳೆ ಅಂತ ಅರ್ಥವಾಯ್ತು. ಯಾಕೆ ಅಂತಾನೂ ಅರ್ಥವಾಯ್ತು."

ಅವರು ಕೂತು ಚೌಕವನ್ನು ಮಡಿಲಲ್ಲಿಟ್ಟುಕೊಂಡರು.

"ಬಿದ್ದ ದಿನದಿಂದ ಎಲ್ಲರೂ ನೋವಾ ಅಂತ ಕೇಳಿದ್ರು. ಹೇಗಿರುತ್ತೆ ಅಂತ ಹಾಕ್ಕೊಂಡು ನೋಡಿದೋಳು ನೀನೊಬ್ಬಳೇ."

ಮೈನಾ ಈ ಸಲ ಬಿಡಲಿಲ್ಲ. "ಅತ್ತೆ, ಆ ಎರಡು ವರ್ಷ ಬೆಳಿಗ್ಗೆ ನೀವು ನನ್ನ ಎದುರು ಕೂತಿದ್ದಿರಲ್ಲ, ನಾನು ಅದಕ್ಕೆ ಒಂದು ಸಲಾನೂ..."

"ಗೊತ್ತು ಬಿಡು."

"ಗೊತ್ತಿರಲಿ. ಹೇಳ್ತೀನಿ. ನೀವಿಲ್ಲದಿದ್ರೆ ನನ್ನ ಓದು ಮುಗೀತಿರಲಿಲ್ಲ. ನಾನು ಮರೆತಿಲ್ಲ."

ಅತ್ತೆ ಚಹಾ ಸೋಸಲು ಏಳಲಿಲ್ಲ. ಕೂತೇ ಕೇಳಿದರು. ಆಮೇಲೆ, "ನಾನೂ ಮರೆಯಲ್ಲ" ಎಂದರು.

"ಸರಿ, ಕೈ ವಾಸಿಯಾದ ಮೇಲೂ ಎರಡು ವಾರ ಸೊಟ್ಟ ಹಾಕಿದ್ರಲ್ಲ, ಅದ್ಯಾಕೆ? ನನಗೆ ಊಟ ಸೇರ್ತಿರಲಿಲ್ಲ."

"ಅದು ಅಳತೆಗೆ. ನಲವತ್ತೆಂಟು ಬೇಕಿತ್ತು. ನೆಟ್ಟಗೆ ಹಾಕಿದ್ರೆ ನೀನು ಸೊಟ್ಟ ತರೋದು ನಿಲ್ಲಿಸಿಬಿಡ್ತಿದ್ದೆ. ನೆಟ್ಟಗಿರೋ ಕೈಯಲ್ಲಿ ಸೊಟ್ಟ ಹಾಕೋದು ಎಷ್ಟು ಕಷ್ಟ ಗೊತ್ತೇನೇ? ನಾನೂ ನಿನ್ನ ಗವಸು ಕದ್ದು ಹಾಕ್ಕೊಳ್ಳೋಣ ಅಂತಿದ್ದೆ, ನೀನು ಅದನ್ನ ಆಫೀಸಿಗೆ ಒಯ್ದುಬಿಟ್ಟಿದ್ದೆ."

ಮಾವ ಒಳಗಿನಿಂದ ಒಂದು ದೊಡ್ಡ ಗಂಟು ತಂದು ಸೋಫಾದ ಮೇಲೆ ಬಿಡಿಸಿದರು. ಹಳೆಯ ಹನ್ನೊಂದೂ ಇದ್ದವು, ಹೊಸವೂ ಇದ್ದವು. ಅತ್ತೆಯವು ಇಪ್ಪತ್ತೆಂಟು, ಸೊಸೆಯವು ಹತ್ತೊಂಬತ್ತು. ನಡುವೆ ಒಂದು ಜಾಗ ಖಾಲಿ. ಕುರ್ಚಿ ಸೀಟಿನ ಬಟ್ಟೆ ಕತ್ತರಿಸುವಾಗ ಮಾಡುತ್ತಿದ್ದ ಹಾಗೆಯೇ ಅತ್ತೆ ಒಂದು ಬಿಟ್ಟು ಒಂದನ್ನು ತಲೆಕೆಳಗು ತಿರುಗಿಸಿ ಜೋಡಿಸಿದ್ದರು. ಒಂದರ ನಾಲಿಗೆ ಇನ್ನೊಂದರ ತಗ್ಗಿನಲ್ಲಿ ಹೋಗಿ ಕೂತಿತ್ತು. ಎಲ್ಲವೂ ಒಂದೇ ಅಳತೆಗೆ ವಾಲಿದ್ದರಿಂದ ಯಾವುದೂ ವಾಲಿದ ಹಾಗೆ ಕಾಣುತ್ತಿರಲಿಲ್ಲ. ಇಡೀ ಹೊದಿಕೆಯ ಮೇಲೆ ಗಾಳಿ ಬೀಸಿದ ನೀರಿನಂತೆ ಅಲೆ ಎದ್ದಿತ್ತು. ಮಗುಚಿದರೆ ಬೆನ್ನಿಗೆ ತುಂಡು ಬಟ್ಟೆಗಳ ಕೌದಿ: ಮೂವತ್ತೊಂದು ವರ್ಷದ ಪರದೆಗಳು, ಮೂಲೆಯಿಂದ ಮೂಲೆಗೆ ಕೂದಲೆಳೆಯಷ್ಟೂ ತಪ್ಪದ ಹೊಲಿಗೆ. ಅದು ವಾಸಿಯಾದ ಕೈಯ ಕೆಲಸ. ನಟ್ಟನಡುವೆ ಅವಳ ಪುಸ್ತಕದ ಚೀಲ, ಬಿಚ್ಚಿ, ಒಗೆದು, ಇಸ್ತ್ರಿ ಮಾಡಿ ಹೊಲಿದದ್ದು. ಅವಳು ಕಚೇರಿಯಲ್ಲಿದ್ದ ಮಧ್ಯಾಹ್ನಗಳಲ್ಲಿ ಮಾವ ಸೂಜಿಗೆ ದಾರ ಪೋಣಿಸಿಕೊಟ್ಟಿದ್ದರಂತೆ.

ಮೈನಾ ಅತ್ತೆಯ ಮಡಿಲಿನಿಂದ ಆ ಕೆನೆಬಣ್ಣದ ಚೌಕವನ್ನು, ತನ್ನ ಇಪ್ಪತ್ತನೆಯದನ್ನು, ತೆಗೆದು ಖಾಲಿ ಜಾಗದಲ್ಲಿಟ್ಟಳು. ಕೂತಿತು. "ನನ್ನವನ್ನಾದ್ರೂ ಬಿಚ್ಚಿ ಸರಿಯಾಗಿ ಹಾಕಿಕೊಡ್ತೀನಿ ಅತ್ತೆ" ಎಂದಳು, ಮೂಗು ಒರೆಸಿಕೊಳ್ಳುತ್ತಾ.

"ಬೇಡ. ಇದನ್ನ ಬಿಚ್ಚೋದಿಲ್ಲ."

ಅತ್ತೆ ನಾಲ್ಕು ಹೊಲಿಗೆಯಲ್ಲಿ ಅದನ್ನು ಹಿಡಿಸಿದರು. ದಾರ ಕಚ್ಚಿ ತುಂಡು ಮಾಡಿ, ಗಂಟಲು ಸರಿಮಾಡಿಕೊಂಡು, ಕುತ್ತಿಗೆ ಒಂದು ಕಡೆ ಓರೆ ಮಾಡಿ, ಮುಖ ಸಣ್ಣದು ಮಾಡಿದರು. ಆ ಮನೆಯಲ್ಲಿ ಅವರು ಯಾರ ದನಿಯನ್ನೂ ಮಾಡಿದ್ದನ್ನು ಯಾರೂ ಕೇಳಿರಲಿಲ್ಲ.

"ಅತ್ತೆ, ನೋಡಿ ಅತ್ತೆ, ಇದ್ಯಾಕೋ ವಾಲ್ತಾ ಇದೆ."

ಕೊಂಕಿನಿಂದ ಕೊನೆಯ ರಾಗದವರೆಗೆ ಥೇಟ್ ಮೈನಾಳದೇ. ಬಾಗಿಲಲ್ಲಿ ಆಗಷ್ಟೇ ಕೆಲಸದಿಂದ ಬಂದು ಚಪ್ಪಲಿ ಬಿಡುತ್ತಿದ್ದ ಮಗ, "ಏನು ವಾಲ್ತಿದೆ ಕಣೇ?" ಎಂದು ಹೆಂಡತಿಯನ್ನು ಕೇಳಿದ. ಮಾವ ಹೊಟ್ಟೆ ಹಿಡಿದುಕೊಂಡರು. ಮೈನಾ ತನ್ನದೇ ದನಿ ಎದುರಿನ ಬಾಯಿಂದ ಬಂದದ್ದಕ್ಕೆ ಬೆಪ್ಪಾಗಿ ನಿಂತಿರುವಾಗಲೇ ಅತ್ತೆ ಹೊದಿಕೆಯ ಎರಡು ತುದಿ ಹಿಡಿದು ಎತ್ತಿ, ಅವಳ ತಲೆಯ ಮೇಲಿಂದ ಕಾಲಿನವರೆಗೆ ಹಾಕಿಬಿಟ್ಟರು.

"ಪಂಜರಕ್ಕೆ ಕವರು" ಎಂದರು ಅತ್ತೆ. "ಮುಚ್ಚಿದರೆ ಹಕ್ಕಿ ಸುಮ್ಮನಾಗುತ್ತಂತೆ, ನೋಡೋಣ."

ಮಾವ ನಕ್ಕರು, ಮಗ ಏನೂ ಅರ್ಥವಾಗದೆಯೂ ನಕ್ಕ, ಅತ್ತೆಯ ಭುಜ ಕುಲುಕಿ ಕುಲುಕಿ ಕೊನೆಗೆ ಬಾಯಿಂದಲೇ ನಗು ಬಂತು. ಆದರೆ ನಲವತ್ತೆಂಟು ಸೊಟ್ಟ ಚೌಕಗಳ ಒಳಗಿಂದ, ಉಸಿರು ಸಿಕ್ಕದೆ, ಯಾರದೂ ಅಲ್ಲದ ತನ್ನದೇ ದನಿಯಲ್ಲಿ ಬಂದ ನಗು ಅವರೆಲ್ಲರದಕ್ಕಿಂತ ಜೋರಾಗಿತ್ತು.